ಹತ್ತಿ ನೂಲಿನ ಬೇಸಿಗೆ ಟಾಪ್ ಜೋತು ಬೀಳುತ್ತಿತ್ತು: ನನಗೆ ಸರಿಹೋದ ದಾರಿ

ಹೆಣೆದಾಗ ಅಳತೆ ಸರಿಯಿತ್ತು. ಒಗೆದು ಎರಡು ಸಲ ಹಾಕಿಕೊಂಡ ಮೇಲೆ 50 ಸೆಂ.ಮೀ. ಉದ್ದದ ಟಾಪ್ 55 ದಾಟಿತು, ಕಂಕುಳು ಕೆಳಗಿಳಿಯಿತು.

ಸಣ್ಣ ಕಡ್ಡಿಯಲ್ಲಿ ಹೆಣೆದೆ, ಬಟ್ಟೆ ಬಿರುಸಾಯಿತು. ಒಂದು ಸೈಜ್ ಕಡಿಮೆ ಮಾಡಿದೆ, ಎದೆ ಬಿಗಿಯಾಯಿತು, ಉದ್ದ ಮಾತ್ರ ಹಾಗೇ ಇಳಿಯಿತು. ಡ್ರೈಯರ್‌ಗೆ ಹಾಕಿದರೆ ಕುಗ್ಗುತ್ತದೆ, ಹಾಕಿಕೊಂಡರೆ ಮತ್ತೆ ಹಿಗ್ಗುತ್ತದೆ.

ಕೊನೆಗೆ ಕೆಲಸ ಮಾಡಿದ್ದು ನೇತುಹಾಕಿ ಅಳೆಯುವುದು. ಹತ್ತಿಗೆ ಉಣ್ಣೆಯಷ್ಟು ಪುಟಿತ ಇಲ್ಲ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅದಕ್ಕೇ ಟಾಪ್ ಶುರು ಮಾಡುವ ಮುಂಚೆ ಅಳತೆಗೆಂದು ಹೆಣೆಯುವ ಮಾದರಿ ತುಂಡು ದೊಡ್ಡದಿರಬೇಕು: 44 ಕುಣಿಕೆ, 60 ಸಾಲು. ಒಗೆದು ಒಣಗಿಸಿ. ಮೇಲಂಚಿನಿಂದ ನೇತುಹಾಕಿ, ಕೆಳಗೆ ನಾಲ್ಕೈದು ಬಟ್ಟೆ ಕ್ಲಿಪ್ ಸಿಕ್ಕಿಸಿ ಒಂದು ದಿನ ಬಿಡಿ. ತೂಗುತ್ತಿರುವಾಗಲೇ ಅಳೆಯಿರಿ, ಕೆಳಗಿಳಿಸಿ ಅಲ್ಲ.

ನನ್ನದರಲ್ಲಿ 10 ಸೆಂ.ಮೀ.ಗೆ 30 ಸಾಲು ಇದ್ದದ್ದು 27 ಆಯಿತು. ಅಗಲ 22 ಕುಣಿಕೆಯಲ್ಲೇ ನಿಂತಿತು. ಹಾಗಾಗಿ ಎದೆ 90 ಸೆಂ.ಮೀ.ಗೆ 198 ಕುಣಿಕೆ ಹಾಗೇ ಇಟ್ಟೆ, ಸಾಲು ಮಾತ್ರ ಇಳಿಸಿದೆ: ಒಟ್ಟು ಉದ್ದಕ್ಕೆ 150ರ ಬದಲು 135, ತೋಳಿನ ಕಂಡಿಗೆ 54ರ ಬದಲು 48.

ಭುಜದಲ್ಲಿ ಮುಂಭಾಗದಿಂದ ಹಿಂಭಾಗಕ್ಕೆ ಸುಮ್ನೆ ಮುಂದುವರಿಸಿ ಹೆಣೆಯಬೇಡಿ. ಎರಡೂ ಭಾಗ ಬೇರೆ ಬೇರೆ ಮುಗಿಸಿ, ಹೊಲಿದು ಸೇರಿಸಿ. ಇಡೀ ಭಾರ ಹೊರುವುದು ಆ ಹೊಲಿಗೆಯೇ. ಕತ್ತಿನ ಪಟ್ಟಿಗೆ ಅರ್ಧ ಮಿ.ಮೀ. ಸಣ್ಣ ಕಡ್ಡಿ, ನೇರ ಅಂಚಿನಲ್ಲಿ 4 ಸಾಲಿಗೆ 3 ಕುಣಿಕೆ ಎತ್ತಿಕೊಂಡೆ.

ಒಗೆದ ಮೇಲೆ ಮಟ್ಟಸವಾಗಿ ಹರಡಿಯೇ ಒಣಗಿಸಿ. ಒದ್ದೆ ಹತ್ತಿ ಜಾಸ್ತಿ ಭಾರ.