'ಇವನೇ' ಅಂದ ಮೇಲೆ ನಾನು ನೋಡುವುದು

ಕಾರವಾರ, ಕುಮಟಾ ಕೋರ್ಟುಗಳಲ್ಲಿ ಆರೋಪಿಗಳ ಪರ ವಕೀಲಿಕೆ ಮಾಡುತ್ತೇನೆ. ಸಾಕ್ಷಿ ಕೈ ತೋರಿಸಿ 'ಇವನೇ' ಅಂದುಬಿಟ್ಟರೆ ಕಕ್ಷಿಗಾರನ ಮನೆಯವರ ಮುಖ ಅಲ್ಲೇ ಬಾಡುತ್ತದೆ. ನಾನು ಮಾತ್ರ ಹಳೇ ಕಾಗದ ತೆಗೆಯುತ್ತೇನೆ.

ಮೊದಲು ಪೊಲೀಸರಿಗೆ ಕೊಟ್ಟ ಫಿರ್ಯಾದು. 'ಸುಮಾರು 25ರಿಂದ 30 ವರ್ಷ, ಸಾಧಾರಣ ಮೈಕಟ್ಟು, ಗೋಧಿ ಮೈಬಣ್ಣ.' ಈ ವರ್ಣನೆ ನನ್ನ ಜೂನಿಯರ್‌ಗೂ ಸರಿಯಾಗಿ ಹೊಂದುತ್ತದೆ! ಆಮೇಲೆ ತಾರೀಕುಗಳು. ಘಟನೆ ಯಾವತ್ತು, ಬಂಧನ ಯಾವತ್ತು, ಗುರುತು ಪರೇಡ್ (ಆರೋಪಿಯನ್ನು ಬೇರೆಯವರ ಜೊತೆ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಗೆ ತೋರಿಸುವುದು) ಯಾವತ್ತು, ನಡುವೆ ಆರೋಪಿಯನ್ನು ಮುಖ ಮುಚ್ಚದೆ ಕೋರ್ಟಿಗೆ ತಂದಿದ್ದರಾ, ಪರೇಡಿನಲ್ಲಿ ಪಕ್ಕ ನಿಲ್ಲಿಸಿದವರು ಅವನ ವಯಸ್ಸು, ಮೈಕಟ್ಟಿನವರೇನಾ.

ಒಂದು ಸರಗಳ್ಳತನದ ಕೇಸು. ಜುಲೈ ಸಂಜೆ, ಜೋರು ಮಳೆ, ಬೈಕಿನಲ್ಲಿ ಬಂದವನು ಹೆಲ್ಮೆಟ್, ರೇನ್‌ಕೋಟ್ ಹಾಕಿದ್ದ. ಅದೇ ಹೊತ್ತಿಗೆ ನಾನೂ ಆ ರಸ್ತೆಗೆ ಹೋಗಿ ನಿಂತೆ. ಕೊಡೆ ಹಿಡಿದು ಬಗ್ಗಿ ನಡೆದರೆ ಎದುರಿಗೆ ಬಂದವರ ಮೊಣಕಾಲಷ್ಟೇ ಕಾಣುತ್ತದೆ. ಪಾಟೀಸವಾಲಿನಲ್ಲಿ ಸರ ಕಳೆದುಕೊಂಡ ಆ ತಾಯಿಗೆ ನೀವು ಸುಳ್ಳು ಹೇಳುತ್ತಿದ್ದೀರಿ ಅನ್ನಲಿಲ್ಲ, ಅವರು ಹೇಳುತ್ತಲೂ ಇರಲಿಲ್ಲ. 'ಅಮ್ಮಾ, ಜೈಲಿಗೆ ಪರೇಡಿಗೆ ಹೋಗುವ ಮೊದಲು ಇವನ ಫೋಟೋ ನೋಡಿದ್ದಿರಾ?' ಅಂತ ಮಾತ್ರ ಕೇಳಿದೆ. 'ಹೌದಲ್ಲ, ಕಳ್ಳ ಸಿಕ್ಕಿದ ಅಂತ ಮಗ ವಾಟ್ಸ್ಯಾಪಲ್ಲಿ ಬಂದದ್ದು ತೋರಿಸಿದ್ದ.' ಇನ್ನು ಪ್ರಶ್ನೆ ಇಲ್ಲ ಅಂದು ಕೂತೆ. ಪರೇಡಿನಲ್ಲಿ ಅವರಿಗೆ ನೆನಪಾದದ್ದು ಮಳೆಯಲ್ಲಿ ಕಂಡ ಮುಖವೋ, ಮೊಬೈಲಲ್ಲಿ ಕಂಡ ಮುಖವೋ, ಅವರೇ ಹೇಳಲಾರರು.

ಅಮೆರಿಕದ ಜೆನಿಫರ್ ಥಾಂಪ್ಸನ್ ಪ್ರಕರಣ ಇದಕ್ಕಿಂತ ಘೋರ. 1984ರಲ್ಲಿ ತನ್ನ ಮೇಲೆ ಅತ್ಯಾಚಾರ ಮಾಡಿದವನ ಮುಖವನ್ನು ಆಕೆ ಹಟ ಹಿಡಿದು ನೆನಪಿಟ್ಟುಕೊಂಡಿದ್ದರು. ಮೊದಲು ಫೋಟೋದಲ್ಲಿ, ಆಮೇಲೆ ಸಾಲಿನಲ್ಲಿ ರೊನಾಲ್ಡ್ ಕಾಟನ್‌ನನ್ನೇ ಆರಿಸಿದರು. ಅವನಲ್ಲ ಅಂತ 1995ರಲ್ಲಿ ಡಿಎನ್‌ಎ ಹೇಳಿತು, ಅಷ್ಟರಲ್ಲಿ ಆತ 10 ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದ. ಸಾಕ್ಷಿ ಎಷ್ಟು ಗಟ್ಟಿಯಾಗಿ ಹೇಳುತ್ತಾರೆ ಅನ್ನುವುದಕ್ಕೆ ನಾನು ಬೆಲೆ ಕೊಡದಿರುವುದು ಇದಕ್ಕೇ.

ಕಾನೂನು ಎರಡೂ ಕಡೆಗೆ ವಾಲುತ್ತದೆ ಬಿಡಿ. ಪರೇಡ್ ತಾನೇ ಮೂಲ ಸಾಕ್ಷ್ಯ ಅಲ್ಲ, ಕೋರ್ಟಿನಲ್ಲಿ ಗುರುತಿಸಿದ್ದೇ ಸಾಕ್ಷ್ಯ. ಪರಿಚಯವಿಲ್ಲದವನನ್ನು ಪರೇಡ್ ಇಲ್ಲದೆ ಮೊದಲ ಸಲ ಕೋರ್ಟಿನಲ್ಲೇ ಗುರುತಿಸಿದರೆ ಬೆಲೆಯಿಲ್ಲ ಅಂತ ನಾನು 1979ರ ಕಣ್ಣನ್ ತೀರ್ಪು ತೆಗೆದರೆ, ಸರ್ಕಾರಿ ವಕೀಲರು ಪರೇಡ್ ಇಲ್ಲದಿದ್ದರೂ ನಡೆಯುತ್ತದೆ ಅಂತ 2003ರ ಮಲ್ಖಾನ್‌ಸಿಂಗ್ ತೀರ್ಪು ತೆಗೆಯುತ್ತಾರೆ. ಎರಡೂ ಸುಪ್ರೀಂ ಕೋರ್ಟಿನವೇ.

ಆರೋಪಿ ಪಕ್ಕದ ಮನೆಯವನೇ ಆಗಿದ್ದರೆ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಗುರುತಿದ್ದವನಿಗೆ ಪರೇಡ್ ಯಾಕೆ, ಅಲ್ವಾ? ಅಲ್ಲಿ ನಾನು ಮೊದಲು ಕೇಳುವುದು ಇಬ್ಬರ ನಡುವೆ ಜಾಗದ ಗಡಿ ತಕರಾರು ಏನಾದರೂ ಇತ್ತಾ ಅಂತ.