ಬೆಳ್ಳುಳ್ಳಿಗಿಂತ ಮೊದಲು ನೀರು

ಚಳ್ಳಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಸಾವಿರ ಬ್ರಾಯ್ಲರ್ ಕೋಳಿ ಹಿಡಿಯುವ ಒಂದು ಶೆಡ್ ನಡೆಸುತ್ತೇನೆ. ಮರಿ ಇಳಿಸಿದ ದಿನವೇ ನೀರಿಗೆ ಆ್ಯಂಟಿಬಯಾಟಿಕ್ ಪುಡಿ ಕದಡುವುದು ನನ್ನ ರೂಢಿಯಾಗಿತ್ತು. ರೋಗ ಇದೆಯೋ ಇಲ್ಲವೋ ನೋಡುತ್ತಲೇ ಇರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಕೋಳಿಯೂ ಸೇರಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವುದನ್ನು ನಿಷೇಧಿಸಿತು. ಬೇರೆ ಮದ್ದಿಗೆ ಬಗ್ಗದ ಸೋಂಕು ಮನುಷ್ಯರಿಗೆ ತಗುಲಿದಾಗ ಕೊನೆಗೆ ಉಳಿಯುವ ಔಷಧಿ ಅದು ಎಂದು ಪಶುವೈದ್ಯರು ತಿಳಿಸಿದರು. ನನ್ನ ಮಕ್ಕಳು ತಿನ್ನುವುದೂ ಇದೇ ಕೋಳಿಯನ್ನು. ಪುಡಿಯನ್ನು ಬಿಟ್ಟೆ.

ಮೊದಲ ಬ್ಯಾಚಿನಲ್ಲಿ ಅದರ ಬದಲು ಬೆಳ್ಳುಳ್ಳಿ, ಅರಿಸಿನ, ಮಜ್ಜಿಗೆ ಎಲ್ಲವನ್ನೂ ಒಮ್ಮೆಲೇ ಕೊಟ್ಟೆ. ಆದರೂ ಹಿಕ್ಕೆ ನೀರಾಯಿತು, ನೆಲದ ಹಾಸು ಒದ್ದೆಯಾಯಿತು, ಶೆಡ್ಡಿಗೆ ಕಾಲಿಟ್ಟರೆ ಅಮೋನಿಯಾಕ್ಕೆ ಕಣ್ಣುರಿ. ಬ್ಲೀಚಿಂಗ್ ಪುಡಿ ಹಾಕಿದ ನೀರಿಗೇ ಮಜ್ಜಿಗೆ ಬೆರೆಸುತ್ತಿದ್ದೆನೆಂದು ಆಮೇಲೆ ಹೊಳೆಯಿತು. ಬ್ಲೀಚಿಂಗ್ ಪುಡಿಯ ಕ್ಲೋರಿನ್, ಕೆಟ್ಟ ರೋಗಾಣುವಿನ ಜೊತೆಗೆ ಮಜ್ಜಿಗೆಯ ಒಳ್ಳೆಯ ಜೀವಾಣುವನ್ನೂ ಕೊಲ್ಲುತ್ತದೆ.

ಆದ್ದರಿಂದ ಮುಂದಿನ ಬ್ಯಾಚಿಗೆ ನೀರಿನಿಂದಲೇ ಶುರು ಮಾಡಿದೆ. ನಮ್ಮ ಕೊಳವೆಬಾವಿಯ ನೀರು ಗಡಸು, ಕ್ಷಾರವೂ ಹೆಚ್ಚು; ಹುಳಿ-ಕ್ಷಾರ ತೋರಿಸುವ ಪರೀಕ್ಷಾ ಕಾಗದ ಅದ್ದಿದರೆ ಪಿಎಚ್ 8 ದಾಟುತ್ತಿತ್ತು. ಈಗ ವಿನೆಗರ್ ಸ್ವಲ್ಪ ಸ್ವಲ್ಪವೇ ಸುರಿದು 6ರ ಆಸುಪಾಸಿಗೆ ಇಳಿಸುತ್ತೇನೆ. ಇ-ಕೊಲೈ, ಸಾಲ್ಮೊನೆಲ್ಲಾದಂಥ ರೋಗಾಣುಗಳಿಗೆ ಹುಳಿ ಒಗ್ಗುವುದಿಲ್ಲ. ಮೊದಲ ವಾರ ಬೆಳಿಗ್ಗೆ ಎರಡು ಗಂಟೆ ಮಾತ್ರ, ಕ್ಲೋರಿನ್ ಇಲ್ಲದೆ ಕಾಯಿಸಿ ಆರಿಸಿದ ನೀರಿನಲ್ಲಿ ತೆಳು ಮಜ್ಜಿಗೆ. ಉಳಿದದ್ದನ್ನು ಚೆಲ್ಲಿ ಪಾತ್ರೆ ತೊಳೆಯುತ್ತೇನೆ. ನೀರಿನಲ್ಲಿ ಲಸಿಕೆ ಕೊಡುವ ದಿನ ವಿನೆಗರ್, ಕ್ಲೋರಿನ್ ಎರಡನ್ನೂ ಮುಟ್ಟುವುದಿಲ್ಲ.

ಶೆಡ್ಡಿನ ನೆಲಕ್ಕೆ ಹಾಸಲು ನಮ್ಮ ಕಡೆ ಶೇಂಗಾ ಸಿಪ್ಪೆ ಧಾರಾಳ. ಅದನ್ನು ದಿನವೂ ಕೆದರುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬಾರದು.

ಇಷ್ಟಾದ ಮೇಲೆ ಬೆಳ್ಳುಳ್ಳಿ. ನೂರು ಕಿಲೋ ಆಹಾರಕ್ಕೆ ಅರ್ಧ ಕಿಲೋ ಬೆಳ್ಳುಳ್ಳಿ, ಅಷ್ಟೇ ಅರಿಸಿನ ಪುಡಿ, ಜೊತೆಗೆ ಒಂದು ಹಿಡಿ ಕಾಳುಮೆಣಸಿನ ಪುಡಿ. ಅರಿಸಿನದ ಸತ್ವ ಮೈಗೆ ಹತ್ತುವುದೇ ಕಷ್ಟ. ಮೆಣಸು ಅದಕ್ಕೆ ನೆರವಾಗುತ್ತದೆ. ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಬಿಡಬೇಕು, ಅದರ ಮದ್ದಿನ ಸತ್ವವಾದ ಆಲಿಸಿನ್ ಹುಟ್ಟುವುದು ಜಜ್ಜಿದ ಮೇಲೆಯೇ. ಬೇಯಿಸಿದರೆ ವ್ಯರ್ಥ. ಹಸಿ ಬೆರೆತ ಆಹಾರಕ್ಕೆ ಬೂಷ್ಟು ಬರುವುದರಿಂದ ಆಯಾ ದಿನದ್ದನ್ನು ಆಯಾ ದಿನವೇ ಕಲಸುತ್ತೇನೆ. ಮೆಕ್ಕೆಜೋಳ ಬೂಷ್ಟು ಹಿಡಿದಿದ್ದರೆ ಯಾವ ಬೆಳ್ಳುಳ್ಳಿಯೂ ಕಾಪಾಡದು.

ಕಳೆದ ಮಳೆಗಾಲದಲ್ಲಿ ಮೂರನೆಯ ವಾರಕ್ಕೆ ಹಿಕ್ಕೆಯಲ್ಲಿ ರಕ್ತ ಕಂಡಿತು. ಅರಿಸಿನ ಹೆಚ್ಚಿಸುತ್ತಾ ಕೂರಲಿಲ್ಲ. ಸತ್ತ ಕೋಳಿಯನ್ನು ವೈದ್ಯರ ಬಳಿ ಒಯ್ದೆ; ಕಾಕ್ಸಿಡಿಯೋಸಿಸ್, ಅಂದರೆ ಕರುಳಿಗೆ ತಗುಲುವ ಪರಾವಲಂಬಿ ರೋಗ ಎಂದರು. ಅವರು ಬರೆದ ಔಷಧಿ ಕೊಟ್ಟು, ಹೇಳಿದಷ್ಟು ದಿನ ಕಳೆಯುವವರೆಗೂ ಒಂದು ಕೋಳಿಯನ್ನೂ ಮಾರಲಿಲ್ಲ.