ಕುರ್ಚಿ ಹೊರಿಸಿ ಕಲಿಸಿದ ಇಂಗ್ಲಿಷ್: ನನ್ನ ಅನುಭವ

ಕುಶಾಲನಗರದಲ್ಲಿ ನನ್ನದೊಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಇದೆ. ಬರುವವರಲ್ಲಿ ಮುಕ್ಕಾಲು ಪಾಲು ಹೋಂಸ್ಟೇ, ರೆಸಾರ್ಟ್ ಕೆಲಸ ಹಿಡಿಯಲು ಹೊರಟವರು. ಅವರಿಗೆ ಕೂರುವ ಸಾಮಾನುಗಳ ಇಂಗ್ಲಿಷ್ ಹೆಸರು ಕಲಿಸಲು ನಿಜವಾದ ಕುರ್ಚಿ, ಸೋಫಾಗಳನ್ನೇ ತಂದು ಹಾಕ್ತೀನಿ ಅಂದಾಗ ನಮ್ಮ ಕಡೆಯ ಮೇಷ್ಟ್ರುಗಳೇ ನಕ್ಕರು. "ಚಾರ್ಟ್ ಇಲ್ವಾ ಸಾರ್? ಕುರ್ಚಿ ತೋರಿಸೋಕೂ ಫೀಸಾ?" ಅಂತ ಒಬ್ಬರು ಕೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ವಿಚಾರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪಾಠ ಮಾಡುವವರಿಗೆ ಫ್ಲ್ಯಾಶ್ ಕಾರ್ಡ್, ರೋಲ್ ಪ್ಲೇ ಎಲ್ಲ ಗೊತ್ತೇ ಇರುತ್ತೆ. ಅದನ್ನು ಮತ್ತೆ ವಿವರಿಸಲ್ಲ.

ಕುರ್ಚಿಯೇ ಯಾಕೆ? ನನ್ನ ಹಳೇ ವಿದ್ಯಾರ್ಥಿಯೊಬ್ಬ ಒಂದು ರೆಸಾರ್ಟಿನಲ್ಲಿ ಸೇರಿದ್ದ. ರಾತ್ರಿ ಊಟಕ್ಕೆ ಬಂದ ಗೆಸ್ಟ್ ಮಗುವಿಗೆ ಹೈ ಚೇರ್ ಕೇಳಿದರು. ಇವನು ಬಾರ್ ಕೌಂಟರಿನಿಂದ ಎತ್ತರದ ಸ್ಟೂಲ್ ತಂದು, ಒರೆಸಿ, ಟೇಬಲ್ ಪಕ್ಕ ಇಟ್ಟ. ಗೆಸ್ಟ್ ನಕ್ಕರು, ಮ್ಯಾನೇಜರ್ ನಗಲಿಲ್ಲ. ಹೈ ಚೇರ್ ಅಂದರೆ ಮುಂದೆ ತಟ್ಟೆ ಇಡುವ ಹಲಗೆ, ಮಗು ಬೀಳದಂತೆ ಬೆಲ್ಟ್ ಇರುವ ಎಳೆ ಮಕ್ಕಳ ಕುರ್ಚಿ. ಸ್ವಲ್ಪ ದೊಡ್ಡ ಮಗುವಾದರೆ ಮಾಮೂಲಿ ಕುರ್ಚಿಯ ಮೇಲೆ ಇಡುವ ಬೂಸ್ಟರ್ ಸೀಟ್ ಸಾಕು. ಎರಡು ಪದವನ್ನು ಒಂದೊಂದಾಗಿ ಕಲಿತಿದ್ದ ಹುಡುಗ, ಹೈ ಅಂದರೆ ಎತ್ತರ, ಚೇರ್ ಅಂದರೆ ಕುರ್ಚಿ. ಅವನ ಲೆಕ್ಕ ಸರಿಯಾಗೇ ಇತ್ತು, ಅಲ್ವಾ?

ಮೊದಲು ಮಾಡಿದ್ದು ಎಲ್ಲರೂ ಮಾಡುವ ಚಾರ್ಟ್. ಇಪ್ಪತ್ತೈದು ಚಿತ್ರ, ಬಣ್ಣದ ಪ್ರಿಂಟ್, ಲ್ಯಾಮಿನೇಷನ್, ಎಲ್ಲ ಸೇರಿ ಆರುನೂರೋ ಏಳುನೂರೋ ಆಯಿತು. ಹುಡುಗರು ಎರಡೇ ದಿನದಲ್ಲಿ ಪಟಪಟ ಹೇಳಿದರು. ಆಮೇಲೆ ಗೊತ್ತಾಯಿತು, ಅವರು ನೆನಪಿಟ್ಟದ್ದು ಬಣ್ಣ. ಕೆಂಪಗಿದ್ದರೆ ಆರ್ಮ್‌ಚೇರ್, ಹಸಿರಿದ್ದರೆ ಸೆಟೀ, ಅಂದರೆ ಬೆನ್ನಿರುವ ಉದ್ದ ಆಸನ. ಬೇರೆ ಬಣ್ಣದ್ದು ತೋರಿಸಿದರೆ ಬಾಯೇ ಬರಲಿಲ್ಲ. ಆಮೇಲೆ ಕನ್ನಡ ಅರ್ಥದ ಪಟ್ಟಿ ಕೊಟ್ಟೆ. ಅದರಲ್ಲಿ ಅರ್ಧಕ್ಕೆ ಕುರ್ಚಿ, ಇನ್ನರ್ಧಕ್ಕೆ ಸೋಫಾ ಅಂತ ಬರೆದುಕೊಂಡರು. ವಾಟ್ಸಾಪ್ ಕ್ವಿಜ್ ಮಾಡಿದೆ, ಎಲ್ಲರಿಗೂ ನೂರಕ್ಕೆ ನೂರು. ಚಿತ್ರ ತೋರಿಸಿದರೆ ಹೆಸರು ಹೇಳುವ ಗೂಗಲ್ ಲೆನ್ಸಿಗೆ ಜೈ.

ಆಮೇಲೆ ಗುಜರಿ ಅಂಗಡಿಗಳನ್ನೂ ಹಳೇ ಫರ್ನಿಚರ್ ಗೋಡೌನುಗಳನ್ನೂ ಸುತ್ತಿದೆ. ಸ್ಟೂಲ್ ನೂರೈವತ್ತು, ಬೆತ್ತದ ಕುರ್ಚಿ ನಾನೂರು, ಸ್ಪ್ರಿಂಗ್ ಹೋದ ಎರಡು ಸೀಟಿನ ಸೋಫಾ ಒಂಬೈನೂರು. ಕ್ಯಾನ್ವಾಸ್ ಹರಿದ ಡೆಕ್ ಚೇರ್ ಒಂದನ್ನು ಪುಕ್ಕಟೆ ಕೊಟ್ಟರು, ಬಟ್ಟೆ ಹಾಕಿಸಲು ಇನ್ನೂರೈವತ್ತು ಹೋಯಿತು. ಆಟೊಮನ್ ಎಲ್ಲೂ ಸಿಗಲಿಲ್ಲ. ನಮ್ಮ ಆಚಾರಿ ಹತ್ತಿರ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿ ಮೇಲೆ ಹಳೇ ಫೋಮ್ ಹೊಡೆಸಿದೆ. "ಸಾರ್, ಬೆನ್ನೂ ಇಲ್ಲ, ಕೈಯೂ ಇಲ್ಲ, ಇದಕ್ಕೆ ಆರುನೂರು ಯಾಕೆ ಹಾಕ್ತೀರಿ?" ಅಂದರು ಅವರು. ನನ್ನ ಪಾಠದ ಮೊದಲ ವಾಕ್ಯ ಅವರ ಬಾಯಲ್ಲೇ ಬಂತು.

ಯಾಕಂದರೆ ನನ್ನ ಇಡೀ ಪಾಠ ನಿಂತಿರುವುದು ಐದು ಪ್ರಶ್ನೆಗಳ ಮೇಲೆ. ಬೆನ್ನು ಇದೆಯಾ? ಕೈ ಇದೆಯಾ? ಎಷ್ಟು ಜನ ಕೂರಬಹುದು? ಕಾಲು ಎಲ್ಲಿಗೆ ಹೋಗುತ್ತೆ? ಅಲ್ಲಾಡುತ್ತಾ? ಬ್ಯಾಕ್, ಆರ್ಮ್, ಲೆಗ್ ಎಲ್ಲ ಮೈಯ ಪದಗಳೇ ಆದ್ದರಿಂದ ಹೊಸದಾಗಿ ಕಲಿಸಬೇಕಿಲ್ಲ. ಬೆನ್ನು, ಕೈ ಎರಡೂ ಇಲ್ಲ, ಒಬ್ಬರಿಗೆ: ಸ್ಟೂಲ್. ಅದಕ್ಕೇ ಮೆತ್ತೆ ಬಂದರೆ ಆಟೊಮನ್ ಅಥವಾ ಪೂಫ್. ಬೆನ್ನಿದೆ, ಕೈ ಇಲ್ಲ: ಸೈಡ್ ಚೇರ್. ಎರಡೂ ಇದ್ದರೆ ಆರ್ಮ್‌ಚೇರ್. ತಲೆಯ ಎರಡೂ ಪಕ್ಕ ಕಿವಿ ಥರ ಬಂದಿದ್ದರೆ ವಿಂಗ್ ಚೇರ್. ಆ ಕಿವಿ ಇರುವುದು ಬೀಸುವ ಚಳಿಗಾಳಿ ತಡೆಯಲು, ಬೆಂಕಿಗೂಡಿನ ಕಾವು ಹಿಡಿದಿಡಲು. ಮಡಿಕೇರಿಯಿಂದ ಬರುವ ಹುಡುಗರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಕೈಯೂ ಬೆನ್ನೂ ಒಂದೇ ಎತ್ತರ, ಮೈತುಂಬ ಗುಂಡಿ ಹೊಡೆದಿದ್ದರೆ ಚೆಸ್ಟರ್‌ಫೀಲ್ಡ್. ಇಬ್ಬರಿಗೆ ಮಾತ್ರ ಆದರೆ ಲವ್‌ಸೀಟ್. ಈ ಪದಕ್ಕೆ ಐದು ನಿಮಿಷ ಕ್ಲಾಸ್ ನಿಲ್ಲುತ್ತೆ, ನಗಲಿ ಬಿಡಿ. ಸೆಟೀಗೂ ಸೋಫಾಗೂ ಇರುವ ವ್ಯತ್ಯಾಸವನ್ನು ಒಂದೇ ನಿಮಿಷದಲ್ಲಿ ಮರೆಯದಂತೆ ಕೂರಿಸುವ ಉಪಾಯ ಒಂದಿದೆ. ಅದನ್ನು ಹೇಳಲ್ಲ, ಇನ್ನೆರಡು ಬ್ಯಾಚ್ ನಾನೇ ಅದರಲ್ಲಿ ಅನ್ನ ತಿನ್ನುತ್ತೇನೆ.

ನಿಜವಾಗಿ ಕೆಲಸ ಮಾಡಿದ್ದು ಹೊರುವ ಆಟ. ಒಬ್ಬರು ಗೆಸ್ಟ್ ಆಗಿ ಪಕ್ಕದ ರೂಮಿನಿಂದ ಫೋನ್ ಮಾಡಬೇಕು. ಇನ್ನೊಬ್ಬರು ಕೇಳಿದ್ದನ್ನು ತಂದಿಡಬೇಕು. ತಪ್ಪಾದರೆ ಹೊತ್ತು ವಾಪಸ್ ಇಟ್ಟು ಸರಿಯಾದದ್ದು ತರಬೇಕು. ಅನುಮಾನ ಬಂದರೆ ಐದು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳಬಹುದು. ಆ ಎರಡು ಸೀಟಿನ ಸೋಫಾವನ್ನು ಒಂದು ಸಲ ಸುಮ್ನೆ ಹೊತ್ತವರು ಮುಂದೆ ಪ್ರಶ್ನೆ ಕೇಳದೆ ಎದ್ದೇಳಲೇ ಇಲ್ಲ. ಚಾರ್ಟಿನ ಕಾಲದಲ್ಲಿ ತಿಂಗಳು ಕಳೆದ ಮೇಲೆ ಇಪ್ಪತ್ತೈದರಲ್ಲಿ ಎಂಟೋ ಒಂಬತ್ತೋ ಪದ ಉಳಿಯುತ್ತಿತ್ತು. ಈಗ ಹದಿನೇಳು ಹದಿನೆಂಟರ ಹತ್ತಿರ ಉಳಿಯುತ್ತೆ.

ಪ್ಲಾಂಟರ್ಸ್ ಚೇರ್ ಮಾತ್ರ ಕೊಳ್ಳಲು ಆಗಲಿಲ್ಲ. ಬೀಟೆ ಮರದ್ದು, ಕೇಳಿದ ಬೆಲೆಗೆ ಒಂದು ಸ್ಕೂಟರೇ ಬರುತ್ತಿತ್ತು. ಸುಂಟಿಕೊಪ್ಪದ ಕಡೆ ಒಂದು ತೋಟದ ಬಂಗಲೆಯಲ್ಲಿ ಇದೆ ಅಂತ ತಿಳಿದು ಇಡೀ ಬ್ಯಾಚನ್ನು ಕರೆದುಕೊಂಡು ಹೋದೆ. ಸೀಟು ಬೆತ್ತದ ಹೆಣಿಗೆ, ನಡುವೆ ಒಂದು ಕಡೆ ಜೋತುಬಿದ್ದಿತ್ತು. ಬೆನ್ನು ಎಷ್ಟು ವಾಲಿದೆ ಅಂದರೆ ಕೂತವರ ಕಣ್ಣು ನೇರ ಮಾಡಿಗೇ ಹೋಗುತ್ತೆ. ಅಗಲವಾದ ಕೈಯ ಅಡಿಯಲ್ಲಿ ಇನ್ನೊಂದು ಹಲಗೆ ಅಡಗಿರುತ್ತೆ. ಅದನ್ನು ತಿರುಗಿಸಿ ಮುಂದಕ್ಕೆ ಎಳೆದರೆ ಕೈ ಎರಡರಷ್ಟು ಉದ್ದವಾಗುತ್ತೆ, ಅದರ ಮೇಲೆ ಕಾಲು ಚಾಚಬಹುದು. 1834ರಲ್ಲಿ ಕೊಡಗು ಬ್ರಿಟಿಷರ ಕೈ ಸೇರಿದ ಮೇಲೆ ಕಾಫಿ ತೋಟ ಮಾಡಲು ಬಂದ ದೊರೆಗಳು ದಿನವಿಡೀ ತೋಟ ಸುತ್ತಿ ಬಂದು ಬೂಟುಗಾಲು ಹಾಕುತ್ತಿದ್ದುದು ಇಂಥದ್ದರ ಮೇಲೆಯೇ. ಇದನ್ನೇ ಗಯಾನಾ ಕಡೆ ಅಲ್ಲಿನ ನದಿಯ ಹೆಸರಿಟ್ಟು ಬರ್ಬೀಸ್ ಚೇರ್ ಅನ್ನುತ್ತಾರೆ. ನಾಲ್ಕನೇ ಪ್ರಶ್ನೆ, ಕಾಲು ಎಲ್ಲಿಗೆ ಹೋಗುತ್ತೆ ಅನ್ನುವುದು, ಇಲ್ಲಿ ಕೂತ ಮೇಲೆ ಎಲ್ಲರಿಗೂ ಅರ್ಥವಾಯಿತು. ಶೇಜ್ ಲಾಂಗ್‌ನಲ್ಲಿ ಸೀಟೇ ಉದ್ದ, ರಿಕ್ಲೈನರಿನಲ್ಲಿ ಕೆಳಗಿನಿಂದ ಹಲಗೆ ಏಳುತ್ತೆ, ಇಲ್ಲಿ ಕೈಯೇ ಕಾಲಿಗೆ ಆಸರೆ.

ಅಲ್ಲಿಂದ ವಾಪಸ್ ಬರುವಾಗ ಒಬ್ಬ ಹುಡುಗಿ ಕೇಳಿದಳು, "ಸಾರ್, ನಮ್ಮ ಐನ್‌ಮನೆಯ ಐಮರಕ್ಕೆ ಏನಂತಾರೆ?" ಐನ್‌ಮನೆ ಅಂದರೆ ಕೊಡವರ ಕುಟುಂಬದ ಮೂಲಮನೆ. ಅದರ ಕೈಯಾಲೆಯ, ಅಂದರೆ ಜಗಲಿಯ, ಕಂಬಗಳ ನಡುವೆ ಗಿಡ್ಡ ಗೋಡೆಯ ಮೇಲೆ ಕೂರಿಸಿದ ದಪ್ಪ ಹಲಗೆ ಅದು. ಬಿಲ್ಟ್-ಇನ್ ಬೆಂಚ್ ಅನ್ನಬಹುದು ಅಂದೆ. ಹೋಂಸ್ಟೇಯವರಿಗೆ ಮಾತ್ರ ಐಮರ ಅಂತಲೇ ಹೇಳಿ, ಆಮೇಲೆ ವಿವರಿಸಿ ಅನ್ನುತ್ತೇನೆ. ಗೆಸ್ಟ್ ಕೇಳುವ ಮುಂದಿನ ನಾಲ್ಕು ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತೆ, ಮಾತು ಬೆಳೆಯುತ್ತೆ. ಕೊಡವರ ಮದುವೆಯಲ್ಲಿ ವಧು ವರರು ಕೂರುವ ಮುಕ್ಕಾಲಿಗೂ ಹಾಗೇ. ಥ್ರೀ ಲೆಗ್ಡ್ ಸ್ಟೂಲ್ ಅಂತ ವಿವರಿಸಬಹುದು. ಮಡಿಕೇರಿಯ ಬೆಟ್ಟದಂಚಿನ ಉದ್ಯಾನ ರಾಜಾಸೀಟಿಗೆ ಹೋಗಿ ಸೀಟ್ ಎಲ್ಲಿ ಅಂತ ಹುಡುಕುವ ಟೂರಿಸ್ಟರಿದ್ದಾರೆ. ಸೀಟ್ ಅಂದರೆ ಕೂರುವ ಜಾಗ, ಮರದ ಸಾಮಾನೇ ಆಗಬೇಕಿಲ್ಲ ಅಂತ ಕಲಿಸಲು ಅದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ನಡುವೆ ಸಣ್ಣಪುಟ್ಟ ಪ್ರಯೋಗಗಳೂ ಆದವು. ಇನ್ ಮತ್ತು ಆನ್ ಗೋಳಿಗೆ ಕುರ್ಚಿಗಳೇ ಮದ್ದು. ಮೈ ಒಳಗೆ ಹುದುಗುವ ಆರ್ಮ್‌ಚೇರಿಗೆ ಇನ್, ಸ್ಟೂಲ್, ಬೆಂಚ್, ಸೋಫಾಗೆ ಆನ್. ಟೇಪ್ ಹಿಡಿದು ಅಳೆಸಿದೆ: ಊಟದ ಕುರ್ಚಿಯ ಸೀಟು 18 ಇಂಚಿನ ಆಸುಪಾಸು, ಕೌಂಟರ್ ಸ್ಟೂಲ್ 24ರಿಂದ 26, ಬಾರ್ ಸ್ಟೂಲ್ 30ರ ಹತ್ತಿರ. ಇಂಗ್ಲಿಷಿನಲ್ಲಿ ಅಂಕಿ ಹೇಳುವುದೂ ಅಭ್ಯಾಸವಾಯಿತು. ಗುಜರಿಯಲ್ಲಿ ಸಿಕ್ಕ ಬಾಗಿಸಿದ ಮರದ ಕುರ್ಚಿಯೊಂದನ್ನು ಭಾಗಗಳ ಹೆಸರು ಕಲಿಸಲು ಬಿಚ್ಚಿಸಿದೆ. ಇದರ ಮೂಲ ಥೋನೆಟ್ ಅನ್ನುವ ಕಂಪನಿಯ 1859ರ ಕುರ್ಚಿ. ಆರೇ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ನಮ್ಮದು ಅದರ ನಕಲು, ಮತ್ತೆ ಜೋಡಿಸಿದರೆ ಒಂದು ಕಾಲು ನೆಲ ಮುಟ್ಟಲಿಲ್ಲ. ಆಚಾರಿಗೆ ನೂರೈವತ್ತು ಕೊಟ್ಟಿದ್ದಾಯಿತು. ಸ್ಟೂಲ್ ಅಂದ ಕೂಡಲೇ ಲ್ಯಾಬ್ ಟೆಸ್ಟ್ ನೆನೆದು ಕಿಸಕ್ ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅದಕ್ಕೆ ಪರಿಹಾರವಿಲ್ಲ.

ಇನ್ನು ದುಡ್ಡು. ಸಾಮಾನು, ಗೂಡ್ಸ್ ಆಟೋ, ರಿಪೇರಿ ಎಲ್ಲ ಸೇರಿ ಏಳು ಸಾವಿರದ ಮೇಲೆ ಹೋಗಿರಬೇಕು. ಜೊತೆಗೆ ಜಾಗ ಬೇಕು ಅಂತ ಹಿಂದಿನ ರೂಮನ್ನೂ ಬಾಡಿಗೆಗೆ ಹಿಡಿದೆ. ಮೊದಲ ಬ್ಯಾಚಿನಲ್ಲಿ ತಲೆಗೆ ಸಾವಿರದೈನೂರು ಫೀಸ್, ಹತ್ತು ಹನ್ನೆರಡು ಜನ. ಕೈಗೆ ಏನೂ ಉಳಿಯಲಿಲ್ಲ. ಮೇಲಿಂದ ಮಳೆಗಾಲ. ಜುಲೈನಲ್ಲಿ ಆಟೊಮನ್ ಒಳಗಿನ ಫೋಮಿಗೆ ಬೂಷ್ಟು ಹಿಡಿದು ರೂಮೆಲ್ಲ ನಾರಿತು, ಬೆತ್ತದ ಕುರ್ಚಿಯೂ ಬೆಳ್ಳಗಾಯಿತು. ಫೋಮ್ ಕಿತ್ತು ಬಿಸಾಕಿ ತೆಂಗಿನ ನಾರಿನ ಮೆತ್ತೆ ಹಾಕಿಸಿದೆ. ಈಗ ಮಳೆಗಾಲ ಶುರುವಾಗುವ ಮೊದಲೇ ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ಆ ಎರಡು ತಿಂಗಳು ಬೇರೆ ಪಾಠ ಮಾಡುತ್ತೇನೆ. ಎರಡನೇ ಬ್ಯಾಚಿನಿಂದ ಖರ್ಚು ಹುಟ್ಟಿತು. ಕೆಲಸ ಸಿಕ್ಕ ಮೂರ್ನಾಲ್ಕು ಹುಡುಗರು ತಮ್ಮ ಕಡೆಯವರನ್ನೂ ಕಳಿಸಿದರು. ಒಂದು ಹೋಂಸ್ಟೇಯವರು ತಮ್ಮ ಐದಾರು ಜನ ಕೆಲಸದವರಿಗೆ ಅಲ್ಲೇ ಬಂದು ಕಲಿಸಿ ಅಂತ ಕರೆದರು. ಅಲ್ಲಿ ಅವರದೇ ಸೋಫಾ ಹೊರಿಸಿದೆ, ನನಗೆ ಆಟೋ ಬಾಡಿಗೆಯೂ ಉಳಿಯಿತು.

ರಿಕ್ಲೈನರ್ ಮಾತ್ರ ಇನ್ನೂ ಸಿಕ್ಕಿಲ್ಲ, ಫೋಟೋದಲ್ಲೇ ತೋರಿಸುತ್ತಿದ್ದೇನೆ. ಬಟ್ಟೆ ಹರಿದಿದ್ದರೂ ಪರವಾಗಿಲ್ಲ, ಲಿವರ್ ಕೆಲಸ ಮಾಡಬೇಕು. ಎರಡೂವರೆ ಸಾವಿರದೊಳಗೆ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ಹೊರಿಸಿಕೊಂಡು ಹೋಗುತ್ತೇನೆ.